ಜಯಕ್ಕನ ಮಿಲ್ಲಿನ ಚಕ್ರಕ್ಕೆ ನಾನು ಹಚ್ಚಿದ ಅಂಟು

ಮೂರು ತಿಂಗಳ ಕಾಲ ನನ್ನ ಬೈಕು ನಿಂತಲ್ಲೆಲ್ಲ ಚುಕ್ಕಿ ಇಡುತ್ತಿತ್ತು. ಮನೆ ಮುಂದೆ ಚುಕ್ಕಿ. ಹಾಲಿನ ಬೂತ್ ಮುಂದೆ ಚುಕ್ಕಿ. ಹೊಳೆನರಸೀಪುರದ ನಮ್ಮ ಶಾಲೆಯ ಬೇವಿನ ಮರದ ಕೆಳಗೆ, ಹೆಡ್‌ಮೇಡಂ ಸ್ಕೂಟರಿನ ಪಕ್ಕದಲ್ಲೇ, ಅಂಗೈಯಗಲದ ಕಪ್ಪು ಚುಕ್ಕಿ. ಒಂದು ದಿನ ಅವರು ನನ್ನನ್ನು ಕರೆದು, ಬಹಳ ಮರ್ಯಾದೆಯಿಂದ, ಇನ್ನು ಮೇಲೆ ಬೈಕನ್ನು ಕಾಂಪೌಂಡಿನ ಹೊರಗೆ ನಿಲ್ಲಿಸ್ತೀರಾ ಮೇಷ್ಟ್ರೇ ಅಂದರು.

ಹದಿನೇಳು ವರ್ಷದ ಬೈಕು ಅದು. ಹಾಸನದ ಮನೆಯಿಂದ ಹೊಳೆನರಸೀಪುರದ ಶಾಲೆಗೆ, ಶಾಲೆಯಿಂದ ಮನೆಗೆ ದಿನಾ ಹೊತ್ತು ತಿರುಗಿದೆ. ಈ ಬೇಸಿಗೆಯಲ್ಲಿ ಅರಕಲಗೂಡಿಗೆ ಒಂದು ಗೃಹಪ್ರವೇಶಕ್ಕೆ ಹೋಗಿ ವಾಪಸ್ ಬರುವಾಗ, ಜಲ್ಲಿ ಹರಡಿದ್ದ ರಸ್ತೆಯಲ್ಲಿ ಒಂದು ಕಲ್ಲು ಚಿಮ್ಮಿ ಎಂಜಿನ್ನಿನ ತಳಕ್ಕೆ ಹೊಡೆಯಿತು. ಆಯಿಲ್ ಇಳಿಸುವ ಬೋಲ್ಟ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಅಷ್ಟೇ. ಅಷ್ಟರಲ್ಲೇ ಆಯಿಲ್ ತೊಟ್ಟಿಕ್ಕಲು ಶುರುವಾಯಿತು.

ಮೆಕ್ಯಾನಿಕ್ ಬಗ್ಗಿ ನೋಡಿದ. ಎಂಜಿನ್ ಪೂರ್ತಿ ಬಿಚ್ಚಬೇಕು, ತಳದ ಕೇಸು ಹೊಸದು ಹಾಕಬೇಕು, ಆ ಕೇಸು ಈಗ ಎಲ್ಲೂ ಸಿಗಲ್ಲ ಅಂದ. ಆಮೇಲೆ ಕೈ ಒರೆಸಿಕೊಳ್ಳುತ್ತಾ, ‘ಸ್ಕ್ರ್ಯಾಪ್‌ಗೆ ಆಕ್ಬುಡಿ ಸಾ’ ಅಂತ ಸೇರಿಸಿದ. ಡಾಕ್ಟರು ಕೂಡ ಇನ್ನೊಂದು ಸ್ವಲ್ಪ ಸುತ್ತಿ ಬಳಸಿ ಹೇಳುತ್ತಾರೆ.

ಹೊಸ ಗಾಡಿ ತಗೊಳ್ಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ನನ್ನ ಹೆಂಡತಿ ಶೈಲಾ ಕೂಡ ಅದನ್ನೇ ಕೇಳಿದಳು. ನಿಜ ಹೇಳಲಾ? ಶೋರೂಮಿಗೆ ಹೋಗಿ, ಬಣ್ಣ ಆರಿಸಿ, ನಗುವ ಹುಡುಗನ ಮುಂದೆ ಹತ್ತು ಕಡೆ ಸಹಿ ಹಾಕಿ, ಕೀ ಹಿಡಿದು ಫೋಟೋ ತೆಗೆಸಿಕೊಳ್ಳುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ. ಐವತ್ತನಾಲ್ಕು ವರ್ಷ ಆಯಿತು. ಸಂಜೆ ಐದಕ್ಕೆ ಮನೆ ಮುಟ್ಟಿದರೆ ಶೂ ಬಿಚ್ಚೋದೇ ಒಂದು ದೊಡ್ಡ ಕೆಲಸ ಅನ್ನಿಸುತ್ತದೆ.

ಹಾಗಾಗಿ ಎರಡು ಟ್ಯೂಬಿನ ಅಂಟು ತಂದೆ. ಎಪಾಕ್ಸಿ ಅಂತಾರಲ್ಲ, ಅದು. ಒಂದು ಟ್ಯೂಬಿನಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಮದ್ದು. ಎರಡನ್ನೂ ಕಲಸಿ ಹಚ್ಚಿದರೆ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಳ್ಳುತ್ತದೆ. ನಮ್ಮ ಮನೆಗೆ ಇದೇನೂ ಹೊಸದಲ್ಲ. ಮಿಕ್ಸಿ ಜಾರಿನ ಹಿಡಿ, ನೀರಿನ ಟ್ಯಾಂಕಿನ ಮೂತಿ, ನನ್ನ ಕನ್ನಡಕದ ಕಡ್ಡಿ ಎಲ್ಲವೂ ಅದರ ಮೇಲೇ ನಿಂತಿವೆ. ನಿಮಗೆ ಸುಸ್ತಾದಾಗೆಲ್ಲ ಅಂಟು ಹಚ್ಚುತ್ತೀರಿ ಅನ್ನುತ್ತಾಳೆ ಶೈಲಾ.

ಮೊದಲ ಸಲ ಹಚ್ಚಿದ್ದು ಮಾರನೇ ದಿನವೇ ಚಪಾತಿಯ ಹಾಗೆ ಎದ್ದು ಬಂತು. ಎಂಜಿನ್ ತಳದ ಜಿಡ್ಡನ್ನು ನಾನು ಬಟ್ಟೆಯಲ್ಲಿ ಒರೆಸಿದ್ದೆ ಅಷ್ಟೇ. ಎರಡನೇ ಸಲ ಗಟ್ಟಿ ಮಾಡುವ ಮದ್ದು ಕಡಿಮೆ ಬಿತ್ತು. ಮೂರು ದಿನ ಆದರೂ ಅದು ಹಲ್ವದ ಹಾಗೆ ಮೆತ್ತಗೇ ಇತ್ತು. ಮೂರನೇ ಸಲ ಎಲ್ಲ ಸರಿಯಾಗಿತ್ತು, ಆದರೆ ಪೂರ್ತಿ ಒಂದು ದಿನ ಬಿಡಿ ಅಂತ ಪೊಟ್ಟಣದ ಮೇಲೆ ಬರೆದಿದ್ದರೂ ನಾಲ್ಕೇ ಗಂಟೆಯಲ್ಲಿ ಗಾಡಿ ಸ್ಟಾರ್ಟ್ ಮಾಡಿದೆ. ಮಕ್ಕಳಿಗೆ ದಿನಾ ಸೈನ್ಸ್ ಹೇಳಿಕೊಡುವವನು ನಾನು.

ನಾಲ್ಕನೇ ಸಲಕ್ಕೆ ಮೊದಲು ದುದ್ದಕ್ಕೆ ಹೋದೆ, ಜಯಕ್ಕನ ಹತ್ತಿರ.

ಜಯಕ್ಕ ನನ್ನ ದೊಡ್ಡಪ್ಪನ ಮಗಳು. ವಯಸ್ಸು ಅರವತ್ತರ ಹತ್ತಿರ. ಗಂಡ ನಂಜಪ್ಪ ಭಾವ. ದುದ್ದದಲ್ಲಿ ಇಬ್ಬರೂ ಸೇರಿ ಒಂದು ಫ್ಲೋರ್ ಮಿಲ್ ನಡೆಸುತ್ತಾರೆ. ಕರೆಂಟಿನ ಮೋಟರ್ ಇಲ್ಲ, ಹಳೇ ಕಾಲದ ಡೀಸೆಲ್ ಎಂಜಿನ್. ಎರಡೂ ಪಕ್ಕಕ್ಕೆ ಒಂದೊಂದು, ಆಳೆತ್ತರ ಅಲ್ಲದಿದ್ದರೂ ಎದೆಮಟ್ಟದ ಬೀಡು ಕಬ್ಬಿಣದ ಚಕ್ರ. ಅದಕ್ಕೆ ಫ್ಲೈವೀಲ್ ಅಂತಾರೆ. ಆ ಭಾರವೇ ಎಂಜಿನ್ನನ್ನು ಒಂದೇ ಸಮನೆ ತಿರುಗಿಸುವುದು. ನಲವತ್ತು ವರ್ಷ ಆ ಸದ್ದಿನ ಪಕ್ಕದಲ್ಲೇ ನಿಂತು ಭಾವನ ಕಿವಿ ಪೂರ್ತಿ ಹೋಗಿದೆ. ಅವರು ಮಾತಾಡುತ್ತಾರೆ, ಆದರೆ ನಮ್ಮ ಮಾತು ಅವರಿಗೆ ಕೇಳಿಸುವುದಿಲ್ಲ. ಏನಾದರೂ ಹೇಳಬೇಕಿದ್ದರೆ ಜಯಕ್ಕ ಹಿಟ್ಟು ಬಿದ್ದ ಹಲಗೆಯ ಮೇಲೆ ಬೆರಳಲ್ಲಿ ಬರೆಯುತ್ತಾಳೆ. ಭಾವ ಓದಿ, ಅಂಗೈಯಲ್ಲಿ ಒರೆಸಿ, ಬಾಯಲ್ಲಿ ಉತ್ತರ ಹೇಳುತ್ತಾರೆ. ಎಂಜಿನ್ ಹೇಗಿದೆ ಅಂತ ತಿಳಿಯೋದಕ್ಕೆ ಅದರ ಮೈ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾರೆ. ನಾಡಿ ನೋಡಿದ ಹಾಗೆ.

ಕಿವಿ ಹೋದ ಮೇಲೆ ರಿಪೇರಿ ಕೆಲಸವೆಲ್ಲ ಜಯಕ್ಕನ ಕೈಗೆ ಬಂದಿದೆ. ಎಂಜಿನ್ನಿಗೆ ನೀರು ಹೋಗುವ ಪೈಪಿನ ಮೂತಿ ಸೀಳಿದಾಗ ಅದನ್ನು ಅಂಟಿನಲ್ಲೇ ಕೂಡಿಸಿದವಳು ಅವಳು. ನಾಲ್ಕು ವರ್ಷ ಆಯಿತು, ಇವತ್ತಿಗೂ ಒಂದು ಹನಿ ಜಿನುಗಿಲ್ಲ.

ನನ್ನ ಬೈಕನ್ನು ಅವಳು ಮಿಲ್ಲಿನ ಜಗಲಿ ಮೇಲೆ ಒರಗಿಸಿ ಮಲಗಿಸಿದಳು. ಆಯಿಲ್ ಇಳಿಸಿದಳು. ಬಿರುಕಿನ ಎರಡು ತುದಿಗೂ ಸಣ್ಣ ಡ್ರಿಲ್ಲಿನಲ್ಲಿ ಒಂದೊಂದು ತೂತು ಹಾಕಿದಳು, ಬಿರುಕು ಮುಂದಕ್ಕೆ ಹರಿಯದಿರಲಿ ಅಂತ. ಗೆರೆಯುದ್ದಕ್ಕೂ ಅರದಲ್ಲಿ ಉಜ್ಜಿ ಸಣ್ಣ ಕಾಲುವೆ ಮಾಡಿದಳು. ಪೆಟ್ರೋಲಿನಲ್ಲಿ ತೊಳೆದಳು. ಒಣಗಿಸಿದಳು. ಮತ್ತೆ ತೊಳೆದಳು. ನನಗೆ ಆಗಲೇ ಬೇಜಾರು ಬಂದಿತ್ತು. ಅಂಟು ಹಚ್ಚೋದು ಯಾವಾಗ ಅಂದೆ. ಹಚ್ಚೋದು ಐದು ನಿಮಿಷದ ಕೆಲಸ, ಉಜ್ಜೋದೇ ಕೆಲಸ ಅಂದಳು. ಬಿಸ್ಕತ್ ಪ್ಯಾಕೆಟ್ಟಿನ ರಟ್ಟಿನ ಮೇಲೆ ಎರಡೂ ಟ್ಯೂಬಿನಿಂದ ಒಂದೇ ಉದ್ದದ ಗೆರೆ ಎಳೆದು, ಕಡ್ಡಿಯಲ್ಲಿ ಬಣ್ಣ ಒಂದಾಗುವ ತನಕ ಕಲಸಿ, ಕಾಲುವೆಯೊಳಕ್ಕೆ ಒತ್ತಿ ಒತ್ತಿ ತುಂಬಿದಳು. ಬೈಕು ಅಲ್ಲೇ ಇರಲಿ, ಬಸ್ಸಲ್ಲಿ ಹೋಗು ಅಂದಳು. ಎರಡು ದಿನ ಬಿಟ್ಟು ಬಂದು ಒಯ್ದೆ.

ಚುಕ್ಕಿ ನಿಂತಿತು. ಹೆಡ್‌ಮೇಡಂ ಬೈಕನ್ನು ಒಳಗೆ ಬಿಟ್ಟುಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಒಳ್ಳೇ ಕಥೆ. ನಾನು ನಿಲ್ಲಿಸಲಿಲ್ಲ.

ನನಗೆ ಹುಮ್ಮಸ್ಸು ಬಂದುಬಿಟ್ಟಿತು. (ಸುಸ್ತಾದ ಮನುಷ್ಯನಿಗೆ ಬರುವ ಹುಮ್ಮಸ್ಸಿನಷ್ಟು ಅಪಾಯ ಇನ್ನೊಂದಿಲ್ಲ.) ಇನ್ನೊಂದು ಕಲ್ಲು ಹೊಡೆಯಬಾರದು ಅಂತ ಹಳೇ ಅಲ್ಯೂಮಿನಿಯಂ ತಟ್ಟೆ ಕತ್ತರಿಸಿ, ಬಗ್ಗಿಸಿ, ಎಂಜಿನ್ನಿನ ಕೆಳಗೆ ಅಂಟಿನಲ್ಲೇ ಕೂರಿಸಿದೆ. ಅದು ನಿಂತಿತು. ಗೇರ್ ಕವರಿನಲ್ಲಿ ಸವೆದುಹೋಗಿದ್ದ ಸ್ಕ್ರೂ ತೂತನ್ನು ಅಂಟು ತುಂಬಿ ಹೊಸದಾಗಿ ಕೊರೆದೆ. ಅದೂ ನಿಂತಿತು. ಕೆಮಿಸ್ಟ್ರಿ ಮೇಡಂ ಸ್ಕೂಟರಿನ ಕಿಕ್ಕರ್ ಕವರು, ಪಿ.ಟಿ. ಮೇಷ್ಟ್ರ ಗಾಡಿಯ ಏರ್ ಫಿಲ್ಟರ್ ಡಬ್ಬ, ಒಂದೊಂದಾಗಿ ಸ್ಟಾಫ್ ರೂಮಿಗೆ ಬಂದವು. ನನಗೆ ಅಂಟು ಮೇಷ್ಟ್ರು ಅಂತ ಹೆಸರು ಬಿತ್ತು. ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದಕ್ಕೆ ಯಾರೂ ಒಂದು ಹೆಸರು ಇಟ್ಟಿರಲಿಲ್ಲ. ಖುಷಿ ಆಗಲ್ವಾ?

ಮಾರ್ಲಾಮಿ ಹಬ್ಬ ಹತ್ತಿರ ಬಂತು. ಹಿರೀಕರಿಗೆ ಎಡೆ ಇಡುವ ಹಬ್ಬ. ಆಗ ದುದ್ದದ ಮಿಲ್ಲಿನ ಮುಂದೆ ರಾಗಿ, ಅಕ್ಕಿ ಚೀಲಗಳ ಸಾಲು ಬೆಳಗ್ಗೆಯಿಂದ ಸಂಜೆ ತನಕ ಕರಗುವುದಿಲ್ಲ. ಅಂಥ ಹೊತ್ತಿನಲ್ಲಿ, ಒಂದು ಶನಿವಾರ, ಎಂಜಿನ್ನಿಗೆ ಎಣ್ಣೆ ಬಿಡುವಾಗ ಜಯಕ್ಕನ ಕಣ್ಣಿಗೆ ಎಡಗಡೆ ಚಕ್ರದ ನಡುವಿನಿಂದ ಅಂಚಿನ ಕಡೆಗೆ ಹೊರಟ ಒಂದು ಕಪ್ಪು ಗೆರೆ ಬಿತ್ತು.

ಅವಳು ಸಣ್ಣ ಸುತ್ತಿಗೆ ತಗೊಂಡು ಚಕ್ರಕ್ಕೆ ತಟ್ಟಿದಳಂತೆ. ಬೀಡು ಕಬ್ಬಿಣ ಗಟ್ಟಿ ಇದ್ದರೆ ಗಂಟೆಯ ಹಾಗೆ ಟಣ್ ಅನ್ನುತ್ತದೆ. ಬಲಗಡೆಯದು ಟಣ್ ಅಂತು. ಎಡಗಡೆಯದು ಒಡೆದ ಮಡಕೆ ತಟ್ಟಿದ ಹಾಗೆ ದಬ್ ಅಂತು. ಅವಳು ಅಲ್ಲೇ ಮಿಲ್ ನಿಲ್ಲಿಸಿದಳು.

ಭಾವ ಒಪ್ಪಲಿಲ್ಲ. ಆ ಗೆರೆ ಎರಕ ಹೊಯ್ದಾಗಿನಿಂದ ಇದೆ ಅಂದರು. ಸದ್ದು ಬೇರೆ ಬರ್ತಿದೆ ಅಂತ ಅವಳು ಹಿಟ್ಟಿನ ಹಲಗೆ ಮೇಲೆ ಬರೆದಳು. ಅವರು ಓದಿದರು. ಆದರೆ ಕೇಳಿಸದವರಿಗೆ ಸದ್ದನ್ನು ಬರೆದು ನಂಬಿಸೋದು ಹೇಗೆ? ಆ ಚಕ್ರ ತಿರುಗುವಾಗ ಒಡೆದರೆ ಸರಿಯಾಗಿ ಜನ ಚೀಲ ಇಟ್ಟುಕೊಂಡು ಕಾಯುವ ಜಾಗಕ್ಕೇ ತುಂಡು ಹಾರುತ್ತದೆ ಅಂತ ಅವಳ ಭಯ. ಬಾಗಿಲಿಗೆ ಮಿಲ್ ಇಲ್ಲ ಅಂತ ಸೀಮೆಸುಣ್ಣದಲ್ಲಿ ಬರೆದು, ಭಾನುವಾರ ಬೆಳಗ್ಗೆ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಅಲ್ಲಿ ಹಳೇ ಎಂಜಿನ್ ಸಾಮಾನಿನ ಒಂದು ಅಂಗಡಿ ಇದೆ. ತಂಗಿಯ ಮನೆಯೂ ಅಲ್ಲೇ. ಚಕ್ರ ಸಿಗುವ ತನಕ ಎರಡು ಮೂರು ದಿನ ಇದ್ದು ಬರುತ್ತೇನೆ ಅಂದು ಹೋದಳು.

ಅದೇ ಭಾನುವಾರ ನನ್ನ ವಾಟ್ಸಾಪಿಗೆ ಭಾವನಿಂದ ಒಂದು ಫೋಟೋ ಬಂತು. ಚಕ್ರದ್ದು. ಅದರ ಕೆಳಗೆ ಒಂದು ಸಾಲು: ನಿನ್ನ ಅಂಟು ತಗೊಂಡು ಬಾ.

ಹೋದೆ. ದಾರಿಯುದ್ದಕ್ಕೂ ಬೈಕು ಸೊಗಸಾಗಿ ಓಡಿತು.

ಬಾಗಿಲ ಮೇಲೆ ಜಯಕ್ಕ ಬರೆದದ್ದು ಕಂಡಿತು. ಅದನ್ನು ಓದಿಯೇ ಒಳಗೆ ಹೋದೆ. ಭಾವ ಎಲ್ಲವನ್ನೂ ಹೇಳಿದರು, ಅವಳು ಸುತ್ತಿಗೆ ತಟ್ಟಿದ್ದನ್ನೂ ಹೇಳಿದರು. ಯಾವುದನ್ನೂ ಮುಚ್ಚಿಡಲಿಲ್ಲ. ಹಬ್ಬದ ವಾರ ಮಿಲ್ ನಿಲ್ಲಿಸಿದರೆ ಜನ ರಾಗಿ ಹೊತ್ತುಕೊಂಡು ಎಲ್ಲಿಗೆ ಹೋಗ್ತಾರೆ ಅಂದರು. ಅಷ್ಟು ಹೇಳುವಾಗ ಅವರ ಕೈ ಎಂಜಿನ್ನಿನ ಮೈ ಮೇಲೇ ಇತ್ತು. ಈಗ ಅವರಿಗೆ ಉಳಿದಿರುವ ಮಾತುಕತೆ ಅದೊಂದೇ. ಅದು ನಿಂತರೆ ಅವರ ಪಾಲಿಗೆ ಊರೇ ನಿಂತ ಹಾಗೆ. ನನಗೆ ಅದು ಅರ್ಥವಾಯಿತು. ಅರ್ಥವಾದದ್ದನ್ನೇ ನೆಪ ಮಾಡಿಕೊಂಡೆ.

ಜಯಕ್ಕನಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ? ಮಾಡಿದರೆ ಬೇಡ ಅನ್ನುತ್ತಾಳೆ ಅಂತ ಗೊತ್ತಿತ್ತು. ಉತ್ತರ ಗೊತ್ತಿದ್ದ ಪ್ರಶ್ನೆಯನ್ನು ಕೇಳದೇ ಇರೋದು ನಮ್ಮಂಥವರು ರೂಢಿಸಿಕೊಂಡ ಜಾಣತನ.

ಅವಳು ಕಲಿಸಿದ ಹಾಗೇ ಮಾಡಿದೆ. ತುದಿಗೆ ತೂತು ಹಾಕಿದೆ. ಉಜ್ಜಿದೆ. ತೊಳೆದೆ, ಒಣಗಿಸಿದೆ, ಮತ್ತೆ ತೊಳೆದೆ. ಕಬ್ಬಿಣದ ಪುಡಿ ಸೇರಿದ ಒಳ್ಳೇ ಅಂಟನ್ನೇ ತುಂಬಿದೆ. ಬರೀ ಕೈಚಳಕ ಅಂತ ನೋಡಿದರೆ ಅದು ನನ್ನ ಜೀವಮಾನದ ಅತ್ಯುತ್ತಮ ಕೆಲಸ. ಸೋಮವಾರ ಶಾಲೆಗೆ ರಜೆ ಇತ್ತು. ಬೆಳಗ್ಗೆ ಮತ್ತೆ ಹೋಗಿ, ಮರಳು ಕಾಗದದಲ್ಲಿ ಉಜ್ಜಿ ನಯ ಮಾಡಿ, ಭಾವನ ಹತ್ತಿರ ಇದ್ದ ಹಸಿರು ಪೇಂಟನ್ನು ಮೇಲೆ ಬಳಿದೆ. ಗೆರೆ ಎಲ್ಲಿತ್ತು ಅಂತ ಕೊನೆಗೆ ನನಗೇ ಹುಡುಕಬೇಕಾಯಿತು. ಎಷ್ಟು ಹೆಮ್ಮೆ ಆಯಿತು ಗೊತ್ತಾ?

ತಿರುಗದೇ ಇರುವ ವಸ್ತುವಿನ ಬಿರುಕು ಬೇರೆ, ನಿಮಿಷಕ್ಕೆ ನೂರಾರು ಸುತ್ತು ತಿರುಗುವ ಚಕ್ರದ ಬಿರುಕು ಬೇರೆ. ತಿರುಗುವ ವಸ್ತುವಿನ ಪ್ರತಿ ತುಂಡೂ ಹೊರಕ್ಕೆ ಹಾರಲು ಎಳೆಯುತ್ತಿರುತ್ತದೆ. ಆಯಿಲ್ ಹನಿ ನಿಲ್ಲಿಸುವ ಅಂಟಿಗೆ ಆ ಎಳೆತ ಹಿಡಿಯುವ ಶಕ್ತಿ ಇಲ್ಲ. ಇದನ್ನು ನಾನು ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ, ದಾರಕ್ಕೆ ಕಲ್ಲು ಕಟ್ಟಿ ತಿರುಗಿಸಿ ತೋರಿಸುತ್ತೇನೆ. ಪೇಂಟ್ ಬಳಿಯುವಾಗ ಅದು ತಲೆಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಅಷ್ಟು ಸಣ್ಣ ಗೆರೆ ತಾನೇ ಅಂದುಕೊಂಡೆ.

ಮಂಗಳವಾರ, ಬುಧವಾರ ಭಾವ ಮಿಲ್ ಓಡಿಸಿದರು. ಬಾಗಿಲ ಮೇಲಿದ್ದ ಸೀಮೆಸುಣ್ಣದ ಅಕ್ಷರ ಅಳಿಸಿದ್ದೂ ಅವರೇ. ಜನ ಬಂದರು. ಸಾಲು ನಿಂತರು. ಹಿಟ್ಟು ಮಾಡಿಸಿಕೊಂಡು ಹೋದರು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಭಾವ ಎಂದಿನ ಹಾಗೆ ಎಂಜಿನ್ ಮೇಲೆ ಅಂಗೈ ಇಟ್ಟರು. ಏನೋ ಬೇರೆ ಇತ್ತು. ಎರಡು ಬಡಿತದ ನಡುವೆ ಇನ್ನೊಂದು ಸಣ್ಣ ಬಡಿತ. ಕೈ ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟರು. ಇತ್ತು. ಅವರು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ಡೀಸೆಲ್ ನಿಲ್ಲಿಸುವ ಲಿವರ್ ಎಳೆದರು. ಸಾಲಿನಲ್ಲಿದ್ದವರ ಕಡೆ ತಿರುಗಿ, ಎಲ್ಲ ಆಚೆ ಹೋಗಿ, ಗೋಡೆ ಪಕ್ಕ ಹೋಗಿ ಅಂತ ಕೈ ಬೀಸಿದರು. ಅಂಥ ಭಾರದ ಚಕ್ರ ಕೂಡಲೇ ನಿಲ್ಲುವುದಿಲ್ಲ. ಅದು ಪೂರ್ತಿ ನಿಲ್ಲುವ ತನಕ ಭಾವ ಲಿವರ್ ಬಿಟ್ಟು ಕದಲಲಿಲ್ಲವಂತೆ. ಕಲ್ಲಿನೊಳಗೆ ಅರ್ಧ ಬೀಸಿದ ರಾಗಿ ಹಾಗೇ ಉಳಿಯಿತು.

ಸಂಜೆ ಜಯಕ್ಕ ಬಂದಳು. ಚಕ್ರ ಸಿಕ್ಕಿತ್ತು, ಮಾರನೇ ದಿನ ಗೂಡ್ಸ್ ಆಟೋದಲ್ಲಿ ಬರುವುದಿತ್ತು. ಭಾವ ಅವಳು ಚೀಲ ಕೆಳಗಿಡುವ ಮೊದಲೇ ಎಲ್ಲ ಹೇಳಿದರಂತೆ. ಅವಳು ಚಾಕುವಿನಲ್ಲಿ ಹಸಿರು ಪೇಂಟು ಕೆರೆದು ನೋಡಿದಳು. ಆಮೇಲೆ ನನಗೆ ಫೋನ್ ಮಾಡಿದಳು. ನಾನು ಆಗ ತಾನೇ ಮನೆಗೆ ಬಂದು ಶೂ ಬಿಚ್ಚುತ್ತಿದ್ದೆ.

‘ಶಿವು, ಅಂಟು ಆಕಿದ್ದು ನೀನಾ?’

ಹೂಂ ಅಕ್ಕ ಅಂದೆ.

‘ಬಣ್ಣ?’

ಅದೂ ನಾನೇ ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಅಂಟು ಆಕಿದ್ದು ದಡ್ಡತನ ಕಣ್ಲಾ. ಓಗ್ಲಿ ಅಂತೀನಿ. ಬಣ್ಣ ಯಾಕ್ ಬಳ್ದೆ? ಅಂಗೇ ಬುಟ್ಟಿದ್ರೆ ಬಂದೋರ್ ಕಣ್ಗಾದ್ರೂ ಬೀಳ್ತಿತ್ತು. ಯಾರಾದ್ರೂ ಒಬ್ರು ಕೇಳೋರು.’

ಫೋನಿಟ್ಟಳು. ಶೈಲಾ ಏನಾಯಿತು ಅಂತ ಕೇಳಿದಳು. ಹೇಳಿದೆ. ಅವಳು ತನ್ನ ಹಳೇ ಮಾತನ್ನು ಮತ್ತೆ ಆಡಲಿಲ್ಲ. ನಾಳೆ ರಜೆ ಹಾಕಿ ಹೋಗಿ ಅಂದಳು, ಅಷ್ಟೇ.

ಗುರುವಾರ ನಾನು ದುದ್ದ ತಲುಪುವ ಹೊತ್ತಿಗೆ ಚನ್ನರಾಯಪಟ್ಟಣದಿಂದ ಚಕ್ರ ಬಂದಿಳಿದಿತ್ತು. ಜೊತೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಬಂದಿದ್ದರು. ಚಕ್ರವನ್ನು ಶಾಫ್ಟಿಗೆ ಬಿಗಿದಿಟ್ಟಿದ್ದ ಕಬ್ಬಿಣದ ಬೆಣೆಯನ್ನು ಅವರು ಸುತ್ತಿಗೆಯಿಂದ ಹೊಡೆದು ಹೊರಗೆ ತೆಗೆದರು. ಹಾರೆ ಕೊಟ್ಟು ಮೀಟಿ ಚಕ್ರವನ್ನು ಹೊರಕ್ಕೆ ಎಳೆದೆವು. ನಾನು ಒಂದು ಕಡೆ, ಅವರು ಒಂದು ಕಡೆ, ನಡುವೆ ಭಾವ. ನೆಲಕ್ಕೆ ಗೋಣಿಚೀಲ ಹಾಸಿದ್ದೆವು. ಕೊನೆಯ ಅರ್ಧ ಅಡಿ ಕೈ ಜಾರಿ ಚಕ್ರ ಚೀಲದ ಮೇಲೆ ಬಿತ್ತು.

ಬಿದ್ದದ್ದೇ ಎರಡು ಹೋಳಾಯಿತು.

ಅರ್ಧ ಅಡಿ. ಗೋಣಿಚೀಲದ ಮೇಲೆ.

ಮೆಕ್ಯಾನಿಕ್ ಬಗ್ಗಿ ಒಡೆದ ಜಾಗವನ್ನು ಬೆರಳಲ್ಲಿ ಮುಟ್ಟಿ ತೋರಿಸಿದರು. ಹೆಚ್ಚಿನ ಭಾಗ ಕಪ್ಪಗೆ, ತುಕ್ಕು ಹಿಡಿದು ಹಳೆಯದಾಗಿತ್ತು. ಅಂದರೆ ಬಿರುಕು ಒಳಗೊಳಗೇ, ನಡುವಿನ ಆಚೆ ಕಡೆಗೂ, ವರ್ಷಗಳಿಂದ ಹರಿದಿತ್ತು. ಬೆಳ್ಳಗೆ ಹೊಳೆಯುವ ಹೊಸ ಮುರಿತ ಒಂದೇ ಒಂದು ಬೆರಳಗಲ. ಅಷ್ಟು ಕಬ್ಬಿಣವೇ ಎರಡು ದಿನ ಇಡೀ ಚಕ್ರವನ್ನು ಹಿಡಿದಿಟ್ಟಿದ್ದು. ನನ್ನ ಅಂಟು? ಮೇಲ್ಗಡೆ ಉಗುರಿನಷ್ಟು ತೆಳ್ಳಗೆ, ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ ಕೂತಿತ್ತು. ಒಳಗೆ ಇಳಿದೇ ಇರಲಿಲ್ಲ.

‘ಎರಡು ದಿನ ಓಡ್ಸುದ್ರಾ ಇದುನ್ನ?’ ಅಂತ ಕೇಳಿದರು ಮೆಕ್ಯಾನಿಕ್. ಆಮೇಲೆ ಅವರು ಹೊರಗೆ ಹೋಗಿ ಕುಡಿಯಲು ನೀರು ಕೇಳಿದರು.

ಭಾವ ಒಡೆದ ಹೋಳಿನ ಪಕ್ಕ ಕೂತರು. ಅಭ್ಯಾಸಬಲದಿಂದ ಅದರ ಮೇಲೆ ಅಂಗೈ ಇಟ್ಟರು. ಜಯಕ್ಕ ಬಂದು, ಹಲಗೆ ಎಳೆದುಕೊಂಡು, ಹಿಟ್ಟಿನ ಮೇಲೆ ಏನೋ ಬರೆದಳು. ಈಗ ಬೈಗುಳ ಬಂತು ಅಂತ ನಾನು ಬಗ್ಗಿ ಓದಿದೆ. ಊಟಕ್ಕೆ ಬನ್ನಿ ಅಂತಿತ್ತು.

ನನ್ನನ್ನೂ ಊಟಕ್ಕೆ ಕರೆದಳು. ಬಡಿಸಿದಳು. ಸಾರು ಇನ್ನೊಂದು ಸೌಟು ಹಾಕಿಕೋ ಅಂದಳು. ಆ ಮನೆಯಲ್ಲಿ ನಾನು ಚಿಕ್ಕಂದಿನಿಂದ ಉಂಡಿದ್ದೇನೆ, ಅವತ್ತಿನಷ್ಟು ಉದ್ದದ ಊಟ ಯಾವತ್ತೂ ಮಾಡಿರಲಿಲ್ಲ. ಕೈ ತೊಳೆಯುವಾಗ ಅವಳು ಪಕ್ಕದಲ್ಲಿ ನಿಂತು, ದನಿ ಏರಿಸದೆ ಹೇಳಿದಳು.

‘ನಾಳೀಕ್ ಮಿಲ್ ಸುರು ಮಾಡ್ತೀನಿ. ಜನ ಬತ್ತಾರೆ. ನಿಮ್ ಭಾವಂಗೆ ಯೋಳಕಾಗಲ್ಲ, ಅವ್ರು ಏನ್ ಅಂದ್ರೂ ಇವ್ರಿಗೆ ಕೇಳ್ಸಕಿಲ್ಲ. ಆಗಿದ್ದುನ್ನೆಲ್ಲ ನೀನೇ ಬಂದು ಯೋಳು.’

ವಾಪಸ್ ಬರುವಾಗ ಬೈಕು ಓಡಿಸಲು ಮನಸ್ಸಾಗಲಿಲ್ಲ. ರಸ್ತೆ ಬದಿ ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ.

ಏನೂ ಆಗಲಿಲ್ಲವಲ್ಲ, ಬಿಡಿ ಅನ್ನಬಹುದು ನೀವು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹಾಗೇ ಅಂದರು. ನಾವು ದಿನಾ ಹೀಗೇ ತಾನೇ ಬದುಕುತ್ತಿರೋದು? ಕಳೆದ ವರ್ಷ ನಮ್ಮ ಶಾಲೆಯ ಗೋಡೆ ಬಿರುಕು ಬಿಟ್ಟಾಗ ತಪಾಸಣೆಗೆ ಅಧಿಕಾರಿಗಳು ಬರುವ ಹಿಂದಿನ ದಿನ ಸುಣ್ಣ ಬಳಿದೆವು. ಬಳಿದವರಲ್ಲಿ ನಾನೂ ಒಬ್ಬ. ಆ ಗೋಡೆ ಪಕ್ಕದಲ್ಲೇ ಏಳನೇ ಕ್ಲಾಸಿನ ಮಕ್ಕಳು ಕೂರುತ್ತಾರೆ. ನಮ್ಮಲ್ಲಿ ಕೆಟ್ಟವರು ಯಾರೂ ಇಲ್ಲ. ಎಲ್ಲರಿಗೂ ಸುಸ್ತಾಗಿದೆ. ಬಿಚ್ಚಿ, ತೆಗೆದು, ಬೇರೆಯದು ಹಾಕುವಷ್ಟು ತಾಳ್ಮೆ ಇಲ್ಲ. ಮೇಲೆ ಒಂದು ಕೈ ಬಳಿದು ಮನೆಗೆ ಹೋಗಿ ಕಾಲು ಚಾಚಿದರೆ ಸಾಕಾಗಿದೆ. ಹಾಗಂತ ಯಾರಿಗೆ ದೂರು ಕೊಡೋದು?

(ಆ ಗೋಡೆಯ ವಿಷಯ ಇದೆಲ್ಲ ಆದ ಮೇಲಿನ ಸೋಮವಾರ ಹೆಡ್‌ಮೇಡಂಗೆ ಬರೆದು ಕೊಟ್ಟಿದ್ದೇನೆ. ಮಕ್ಕಳನ್ನು ಲೈಬ್ರರಿ ರೂಮಿಗೆ ಕೂರಿಸಿದ್ದಾರೆ. ಗೋಡೆ ಹಾಗೇ ಇದೆ.)

ಶುಕ್ರವಾರ ಬೆಳಗ್ಗೆ ದುದ್ದಕ್ಕೆ ಹೋದೆ. ಬಸ್ಸಿನಲ್ಲಿ. ಹೊಸದಾಗಿ ತಂದ ಹಳೇ ಚಕ್ರ ಕೂತಿತ್ತು. ಅದಕ್ಕೆ ಬಣ್ಣ ಇರಲಿಲ್ಲ, ಜಯಕ್ಕ ಬರೀ ಸೀಮೆಎಣ್ಣೆಯಲ್ಲಿ ಒರೆಸಿ ಬಿಟ್ಟಿದ್ದಳು. ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ಹದಿನೈದಿಪ್ಪತ್ತು ಜನ ಚೀಲ ಇಟ್ಟುಕೊಂಡು ಕಾಯುತ್ತಿದ್ದರು. ಹೆಚ್ಚಿನವರು ಹೆಂಗಸರು, ಕೂಲಿಗೆ ಹೋಗುವ ಮುಂಚೆ ಹಿಟ್ಟು ಮಾಡಿಸಿ ಮನೆಗೆ ಹಾಕಿ ಓಡಬೇಕಾದವರು. ಭಾವ ಎಂಜಿನ್ ಪಕ್ಕ ನೆಲ ನೋಡುತ್ತಾ ನಿಂತಿದ್ದರು.

ಇಪ್ಪತ್ತೆಂಟು ವರ್ಷ ಜನರ ಮುಂದೆ ನಿಂತು ಮಾತಾಡಿದ್ದೇನೆ. ಅವತ್ತು ಮೊದಲ ವಾಕ್ಯವನ್ನು ಬಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡು ಬಂದಿದ್ದೆ. ಚಕ್ರದಲ್ಲಿ ಬಿರುಕಿತ್ತು, ಜಯಕ್ಕ ಮಿಲ್ ನಿಲ್ಲಿಸಿದ್ದಳು, ಅವಳಿಲ್ಲದಾಗ ನಾನು ಅದಕ್ಕೆ ಅಂಟು ತುಂಬಿ ಪೇಂಟ್ ಬಳಿದೆ, ಮಂಗಳವಾರ ಬುಧವಾರ ನೀವೆಲ್ಲ ನಿಂತಿದ್ದಾಗ ಓಡಿದ್ದು ಅದೇ ಚಕ್ರ ಅಂತ ಹೇಳಿದೆ. ಬಾಗಿಲ ಪಕ್ಕಕ್ಕೆ ಎಳೆದು ಹಾಕಿದ್ದ ಎರಡು ಹೋಳುಗಳನ್ನೂ ತೋರಿಸಿದೆ. ತಪ್ಪಾಯಿತು ಅಂದೆ.

ಒಬ್ಬರು ಹೋಗಿ ಹೋಳನ್ನು ಕಾಲಲ್ಲಿ ಅಲ್ಲಾಡಿಸಿ ನೋಡಿದರು, ಅದು ಅಲ್ಲಾಡಲಿಲ್ಲ. ಒಬ್ಬರು ದೇವರ ದಯೆ ಅಂದರು. ಯಾರೋ ನಕ್ಕರು. ಇನ್ಯಾರೋ ಹೋಗ್ಲಿ ಬುಡಿ ಮೇಷ್ಟ್ರೇ, ಏನೂ ಆಗ್ನಿಲ್ವಲ್ಲ ಅಂದರು. ನನಗೆ ಉಸಿರು ಬಂದ ಹಾಗಾಯಿತು. ಮುಗಿಯಿತು ಅಂದುಕೊಂಡೆ.

ಕೆಂಪಮ್ಮ ಅಂತ ಒಬ್ಬರಿದ್ದಾರೆ. ಶುಂಠಿ ಹೊಲದ ಕೂಲಿಗೆ ಹೋಗುತ್ತಾರೆ. ಬುಧವಾರ ಮಧ್ಯಾಹ್ನ ಭಾವ ಲಿವರ್ ಎಳೆದಾಗ ಕಲ್ಲಿನೊಳಗೆ ಉಳಿದದ್ದು ಅವರ ರಾಗಿ. ಅವತ್ತು ಸಾಲಿನಲ್ಲಿ ಮೊದಲು ನಿಂತಿದ್ದವರು ಅವರು, ಅಂದರೆ ಚಕ್ರದ ನೇರಕ್ಕೆ. ಅವರು ಹೋಳುಗಳ ಹತ್ತಿರ ಹೋಗಲಿಲ್ಲ. ನಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಸಿಟ್ಟಿಲ್ಲದೆ, ತಿಳಿಯದ್ದನ್ನು ತಿಳಿದುಕೊಳ್ಳಲು ಕೇಳುವವರ ಹಾಗೆ ನನ್ನನ್ನು ಕೇಳಿದರು:

‘ಅಂಟು ಮೆತ್ತೋವಾಗ, ಈ ಜಾಗ್ದಲ್ಲಿ ನಿಂತ್ಕೊಳೋರು ಯಾರು ಅಂತ ಒಂದ್ಸಲನಾದ್ರೂ ಗ್ಯಾಪ್ಕ ಬಂದಿತ್ತಾ ಸಾ?’